ಕರೆಂಟ್ ಹೋಗಿ ಬಂದರೂ ಕಂಟ್ರೋಲರ್ ಟೈಮ್ ತಪ್ಪಬಾರದು: ನಾನು ಮಾಡಿದ್ದು ಹೀಗೆ

ಹಾಸ್ಟೆಲ್‌ನಂಥ ಕಡೆ ವೋಚರ್ ನೋಡಿ ನೆಟ್ ಬಿಡಲು ನಾವು ಹಾಕುವ ಸಣ್ಣ ವೈಫೈ ಕಂಟ್ರೋಲರ್‌ಗಳ ಒಳಗೆ ಗಡಿಯಾರ ನಡೆಸುವ ಸೆಲ್ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಲಾಗ್‌ನ ಮೊದಲ ಸಾಲು 1970 ಜನವರಿ 1, ಬೆಳಗ್ಗೆ 5:30, ಅಂದರೆ ಇವು ಟೈಮ್ ಎಣಿಸಲು ಶುರು ಮಾಡುವ ಸೊನ್ನೆ. ಬಾಗಲಕೋಟೆ ಕಡೆ ಈ ಕೆಲಸ ಮಾಡುವವರಿಗೆ ಈ ತಾರೀಖು ಬಾಯಿಪಾಠ.

ಎನ್‌ಟಿಪಿ (ನೆಟ್‌ನಿಂದ ಟೈಮ್ ತರಿಸುವ ವ್ಯವಸ್ಥೆ) ಹಾಕಿದರೆ ತಾನೇ ಸರಿ ಹೋಗುತ್ತದೆ ಅಂತಾರೆ. ಹೋಗುತ್ತದೆ, ನೆಟ್ ಇದ್ದರೆ. ಮಳೆಗಾಲದಲ್ಲಿ ಹಾಸ್ಟೆಲ್‌ಗೆ ಕರೆಂಟ್ ಮೊದಲು ಬರುತ್ತದೆ, ನಮಗೆ ನೆಟ್ ಕೊಡುವ ಟವರ್ ಎದ್ದೇಳುವುದು ಅರ್ಧ ಗಂಟೆಗೋ ಒಂದು ಗಂಟೆಗೋ. ಅಷ್ಟರಲ್ಲಿ ಹುಡುಗರು ನೆಟ್ ಬಂತೇನೋ ಅಂತ ವೋಚರ್ ಹಾಕಿ ಲಾಗಿನ್ ಆಗಿ ಕೂತಿರುತ್ತಾರೆ. ಆಮೇಲೆ ಟೈಮ್ ಸಿಕ್ಕು ಗಡಿಯಾರ ಐವತ್ತಕ್ಕೂ ಜಾಸ್ತಿ ವರ್ಷ ಮುಂದೆ ಹಾರಿತು ಅಂದರೆ ತಿಂಗಳ ವೋಚರ್ ಎಲ್ಲಾ ಒಂದೇ ಏಟಿಗೆ ಎಕ್ಸ್‌ಪೈರ್. ಹೊಸ ವೋಚರ್ ಪುಕ್ಕಟೆ ಕೊಡಬೇಕು, ಬೈಗುಳ ಬೇರೆ. ಒಂದು ಮಳೆಗಾಲದಲ್ಲಿ ಹನ್ನೆರಡು ಸಾವಿರದ ಹತ್ತಿರ ಹೀಗೇ ಹೋಯಿತು.

ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ಐಪಿ ನಂಬರ್ ಹುಡುಕುವ ವ್ಯವಸ್ಥೆ) ಅನ್ನು ಸರ್ಟಿಫಿಕೇಟ್ ಕೇಳುವ ಎಚ್‌ಟಿಟಿಪಿಎಸ್ ಮೇಲೆ ಓಡಿಸುವ ಕಡೆ ಇನ್ನೂ ಮಜಾ. ಎನ್‌ಟಿಪಿ ಸರ್ವರ್ ಹೆಸರು ಹುಡುಕಲು ಡಿಎನ್‌ಎಸ್ ಬೇಕು, ಡಿಎನ್‌ಎಸ್‌ಗೆ ಸರ್ಟಿಫಿಕೇಟ್ ಒಪ್ಪಿಗೆಯಾಗಬೇಕು, ಸರ್ಟಿಫಿಕೇಟ್‌ಗೆ ಸರಿಯಾದ ಟೈಮ್ ಬೇಕು. ಲಿಂಕ್ ಇದ್ದರೂ ನೆಟ್ ಇಲ್ಲ. ಇದಕ್ಕೆ ಎನ್‌ಟಿಪಿ ಸರ್ವರ್‌ನ ಐಪಿ ನೇರವಾಗಿ ಕೊಟ್ಟರೆ ಮುಗಿಯಿತು.

ಇಳಕಲ್‌ನಲ್ಲಿ ಹಳೇ ಕೇಬಲ್ ಆಪರೇಟರ್ ಕಾಕಾ ಒಬ್ಬರಿದ್ದಾರೆ. ಸೆಲ್ ಇರುವ ಗಡಿಯಾರ ಹಾಕುವ ಯೋಚನೆ ಹೇಳಿದರೆ, "ತಮ್ಮಾ, ಯುಪಿಎಸ್ ಹಾಕು, ಸಾಕು. ಸೆಲ್ ಹಾಕಿದ್ರ ನೆಟ್ ಸುದ್ದ ಆಗತೈತೇನು?" ಅಂದರು. ಯುಪಿಎಸ್ ಹಾಕಿಯೇ ನೋಡಿದ್ದೆ. ಒಂದಕ್ಕೆ ಮೂರೂವರೆ ಸಾವಿರ. ನಮ್ಮ ಏಪ್ರಿಲ್ ಬಿಸಿಲಿಗೆ ಟೆರೇಸ್ ಡಬ್ಬಿಯಲ್ಲಿ ಬ್ಯಾಟರಿ ಎರಡನೇ ಬೇಸಿಗೆ ದಾಟಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಟೈಮನ್ನು ಫ್ಲ್ಯಾಶ್‌ನಲ್ಲಿ ಬರೆದಿಟ್ಟು ಬೂಟ್ ಆದಾಗ ಓದುವ ಸ್ಕ್ರಿಪ್ಟ್ ಕೂಡ ಮಾಡಿದೆ. 1970 ತಪ್ಪಿತು, ಆದರೆ ಕರೆಂಟ್ ನಾಲ್ಕು ಗಂಟೆ ಹೋಗಿದ್ದರೆ ಟೈಮ್ ನಾಲ್ಕು ಗಂಟೆ ಹಿಂದೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ಗೆ ಗಡಿಯಾರ ಸೇರಿಸಿ ಕ್ರೋನಿ ಎಂಬ ಎನ್‌ಟಿಪಿ ಸಾಫ್ಟ್‌ವೇರ್ ಓಡಿಸಿದೆ, ಚೆನ್ನಾಗಿಯೇ ನಡೆಯಿತು. ಆದರೆ ದಿನಾ ಕರೆಂಟ್ ಹೋಗುವ ಕಡೆ ಎಸ್‌ಡಿ ಕಾರ್ಡ್ ಎಷ್ಟು ದಿನ ಬಾಳುತ್ತದೆ ನಿಮಗೇ ಗೊತ್ತಲ್ವಾ.

ಕೊನೆಗೆ ನಿಂತಿದ್ದು ಇದು. ಇಎಸ್‌ಪಿ32 ಎಂಬ ಪುಟ್ಟ ಪ್ರೋಗ್ರಾಂ ಬೋರ್ಡ್, ಸೆಲ್ ಮೇಲೆ ಓಡುವ ಗಡಿಯಾರ ಚಿಪ್ ಡಿಎಸ್3231ರ ಮಾಡ್ಯೂಲ್, ನೆಟ್‌ವರ್ಕ್ ವೈರ್ ಚುಚ್ಚಲು ಡಬ್ಲ್ಯು5500. ಎಲ್ಲಾ ಸೇರಿ ಸಾವಿರದ ಆಸುಪಾಸು. ನೆಟ್ ಇದ್ದಾಗ ದೆಹಲಿಯ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್‌ನಿಂದ ಟೈಮ್ ತಗೊಂಡು ಚಿಪ್‌ಗೆ ಬರೆಯುತ್ತದೆ, ಇಲ್ಲದಾಗ ಚಿಪ್ ನೋಡಿ ಹೇಳುತ್ತದೆ. ಟೈಮ್ ಬೇಕಾದಾಗ ಕಂಟ್ರೋಲರ್ ಈ ಡಬ್ಬಿಯೊಂದನ್ನೇ ಕೇಳುತ್ತದೆ. ಕಂಟ್ರೋಲರ್ ಕಣ್ಣು ಬಿಡುವಷ್ಟರಲ್ಲಿ ಇದು ಎದ್ದು ಕೂತಿರುತ್ತದೆ.

ಚಿಪ್‌ನಲ್ಲಿ ಯುಟಿಸಿಯನ್ನೇ (ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಟೈಮ್) ಇಡಿ. ನಮ್ಮ ಟೈಮ್ ಇಟ್ಟರೆ ಕಂಟ್ರೋಲರ್ ಇನ್ನೊಂದು ಐದೂವರೆ ಗಂಟೆ ಸೇರಿಸುತ್ತದೆ. ಚಿಪ್ ತನ್ನ ಸ್ಥಿತಿ ಬರೆದಿಡುವ ಸ್ಟೇಟಸ್ ರಿಜಿಸ್ಟರ್‌ನ ಬಿಟ್ 7 (ಸೊನ್ನೆಯಿಂದ ಎಣಿಸಿ) ಓದಲೇಬೇಕು: ಅದು 1 ಇದ್ದರೆ ಗಡಿಯಾರ ನಡುವೆ ನಿಂತಿತ್ತು ಎಂದರ್ಥ. ಆಗ ನನ್ನ ಡಬ್ಬಿ ಉತ್ತರವನ್ನೇ ಕೊಡುವುದಿಲ್ಲ. ತಪ್ಪು ಟೈಮಿಗಿಂತ ಸುಮ್ನೆ ಇರುವುದು ವಾಸಿ.

ಡಿಎಸ್3231ರ ಆ ನೀಲಿ ಮಾಡ್ಯೂಲ್‌ನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ. ಅದಕ್ಕೆ ಹಾಕುವ ಸಿಆರ್2032 ಬಟನ್ ಸೆಲ್ ಚಾರ್ಜ್ ಆಗುವ ಸೆಲ್ ಅಲ್ಲ. 5 ವೋಲ್ಟ್‌ನಲ್ಲಿ ಓಡಿಸಿದ ಒಂದನ್ನು ಬಿಚ್ಚಿದಾಗ ಸೆಲ್ ಹೊಟ್ಟೆ ಉಬ್ಬಿಸಿಕೊಂಡು ಹೋಲ್ಡರ್‌ನಿಂದ ಅರ್ಧ ಎದ್ದಿತ್ತು. ಡಯೋಡ್ ಪಕ್ಕದ, 201 ಎಂದು ಬರೆದಿರುವ ಪುಟ್ಟ ರೆಸಿಸ್ಟರ್ ಕಿತ್ತು ಹಾಕಿ.

ಮೊದಲು ಅಗ್ಗವೆಂದು ಡಿಎಸ್1307 ಎಂಬ ಗಡಿಯಾರ ಚಿಪ್ ಹಾಕಿದ್ದೆ. ತಗಡಿನ ಡಬ್ಬಿಯ ಕಾವಿಗೆ ದಿನಕ್ಕೆ ಮೂರು ನಾಲ್ಕು ಸೆಕೆಂಡ್ ಅತ್ತಿತ್ತ. 3231 ತನ್ನ ಬಿಸಿಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೆಟ್ ಕಿತ್ತು ಬಿಟ್ಟಿದ್ದೆ, ಎರಡು ತಿಂಗಳಿಗೆ ಎಂಟೋ ಹತ್ತೋ ಸೆಕೆಂಡ್ ವ್ಯತ್ಯಾಸ. ಚಿಪ್ ಮೇಲೆ ಕೊನೆಯಲ್ಲಿ ಎಂ ಇದ್ದರೆ ಅದು 5 ಪಿಪಿಎಂನದು (ಹತ್ತು ಲಕ್ಷ ಸೆಕೆಂಡಿಗೆ 5 ಸೆಕೆಂಡ್ ತಪ್ಪಬಹುದು), ಎಸ್‌ಎನ್ ಇದ್ದರೆ 2. ನೋಡಿ ತಗೊಳ್ಳಿ.

ಜಿಪಿಎಸ್ ಕೂಡ ಬಿಟ್ಟಿಲ್ಲ. ಉಪಗ್ರಹದಿಂದ ಟೈಮ್ ಹಿಡಿಯುವ ನಿಯೋ-6ಎಂ ಮಾಡ್ಯೂಲ್, ನಾಲ್ಕುನೂರು ರೂಪಾಯಿಗೆ ಸಿಕ್ಕಿತು. ಹೊಸದಾಗಿ ಎದ್ದಾಗ ಲೀಪ್ ಸೆಕೆಂಡ್ ಲೆಕ್ಕ (ಜಿಪಿಎಸ್ ಟೈಮಿಗೂ ಯುಟಿಸಿಗೂ ಇರುವ ಸೆಕೆಂಡುಗಳ ವ್ಯತ್ಯಾಸ) ಉಪಗ್ರಹದಿಂದ ಬರಲು ಹನ್ನೆರಡೂವರೆ ನಿಮಿಷದ ತನಕ ಹಿಡಿಯಬಹುದು, ಅಲ್ಲಿಯವರೆಗೆ ಟೈಮ್ ಕೆಲವು ಸೆಕೆಂಡ್ ಆಚೀಚೆ. ಅದನ್ನೂ ಸಹಿಸಬಹುದಿತ್ತು. ಬಾದಾಮಿಯ ಕೋತಿಗಳು ಆಂಟೆನಾ ವೈರ್ ಸಮೇತ ಹೊತ್ತೊಯ್ದ ಮೇಲೆ ಆ ಆಸೆ ಬಿಟ್ಟೆ.

ಟೈಮ್ ಸರಿಯಾಗುವ ತನಕ ಲಾಗಿನ್ ಪೇಜನ್ನೇ ತಡೆದು ಹಿಡಿಯುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಹಾಕುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಯಾವ ವರ್ಷ ದಾಟಿದರೆ ಟೈಮ್ ಸರಿ ಅಂತ ನಂಬಬೇಕು ಎಂದು ಯೋಚಿಸಿ, ನಿಮಗೇ ಹೊಳೆಯುತ್ತದೆ.

ಈಗ ಮುಧೋಳ, ಜಮಖಂಡಿ, ಇಳಕಲ್ ಸೇರಿ ಇಪ್ಪತ್ತರ ಹತ್ತಿರ ಡಬ್ಬಿ ಓಡುತ್ತಿವೆ. ಈ ಮಳೆಗಾಲದಲ್ಲಿ ಒಂದು ವೋಚರ್ ಕೂಡ ಪುಕ್ಕಟೆ ಕೊಟ್ಟಿಲ್ಲ. ಒಂದು ಡಬ್ಬಿಗೆ ಸಾವಿರದ ಎಂಟುನೂರು ತಗೊಳ್ಳುತ್ತೇನೆ, ಕಾಕಾಗೂ ಅದೇ ರೇಟು.