ಮಾಗಡಿ ಕೆರಿ ಬಾತುಗಳ ಹಿಕ್ಕಿಯೊಳಗ ಹಕ್ಕಿಜ್ವರದ ವೈರಸ್ ಹುಡುಕೋದು ಹೆಂಗ

ಚಳಿಗಾಲ ಬಂತಂದ್ರ ನಮ್ಮ ಗದಗ ಜಿಲ್ಲಾದ ಮಾಗಡಿ ಕೆರಿಗೆ ಮಂಗೋಲಿಯಾ, ಟಿಬೆಟ್ ಕಡಿಂದ ಪಟ್ಟೆ ತಲೆ ಹೆಬ್ಬಾತು ಬರ್ತಾವಲ್ರಿ, 2005ರಾಗ ಚೀನಾದ ಚಿಂಗ್‌ಹಾಯ್ ಸರೋವರದಾಗ ಎಚ್5ಎನ್1 ಅನ್ನೋ ಹಕ್ಕಿಜ್ವರದ ವೈರಸ್ ಬಂದು ಸಾವಿರಾರು ಕಾಡಹಕ್ಕಿ ಸತ್ವು, ಅದರಾಗ ಈ ಜಾತಿವ ಭಾಳ. ಅದಕ್ಕ ವೆಟರ್ನರಿ ಓದೋ ಹುಡುಗ್ರಿಗೆ ಈ ಕೆಲ್ಸ ಗೊತ್ತಿರ್ಲೇಬೇಕು.

ಮೊದ್ಲು ಅರಣ್ಯ ಇಲಾಖೆ ಪರ್ಮಿಷನ್ ತಗೋರಿ. ಹಕ್ಕಿ ಹಿಡಿಯೋ ಜರೂರ್ ಇಲ್ಲ, ಈ ವೈರಸ್ ಬಾತುಗಳ ಕರುಳಿನ್ಯಾಗೂ ಬೆಳೀತೈತಿ, ಹಿಂಗಾಗಿ ಹಿಕ್ಕಿ ಸಾಕು. ಒಂದ ಜಾತಿ ಹಿಂಡು ಕುಂತಿರೋ ದಂಡಿ ನೋಡ್ಕೊಂಡು ಅವು ಎದ್ದು ಹೋಗೋತನ ದೂರ ನಿಂದರ್ರಿ, ಜಾತಿ ಕಲಸಿದ್ರ ಆಮ್ಯಾಲೆ ಯಾವುದರ ಹಿಕ್ಕಿ ಅಂತ ಹೇಳಾಕ ಬರಂಗಿಲ್ಲ. ಗ್ಲೌಸು ಮಾಸ್ಕು ಹಾಕ್ಕೊಂಡು, ಹಸೀ ಹಿಕ್ಕಿ ಮ್ಯಾಲಿನ ಭಾಗ ಅಷ್ಟ, ಮಣ್ಣು ಹತ್ತಿದ್ದು ಬ್ಯಾಡ, ಪಾಲಿಸ್ಟರ್ ಸ್ವಾಬಿಗೆ (ತುದಿಗೆ ಅರಳೆ ಥರ ಸುತ್ತಿದ ಕಡ್ಡಿ) ಹಚ್ಚಿ ವೈರಸ್ ಕಾಯೋ ದ್ರವದ ಟ್ಯೂಬಿಗೆ ಹಾಕ್ರಿ. ಕಟಗಿ ಕಡ್ಡಿದು ಬ್ಯಾಡ, ಅದು ಪಿಸಿಆರ್‌ನ, ಅಂದ್ರ ವೈರಸ್ಸಿನ ಜೀನ್ ತುಣುಕನ್ನ ನಕಲು ಮಾಡಿ ಹೆಚ್ಚಿಸಿ ಪತ್ತೆ ಹಚ್ಚೋ ಟೆಸ್ಟನ್ನ, ತಡೀಬಹುದು. ತಾರೀಖು, ಜಾಗ, ಹಕ್ಕಿ ಎಷ್ಟಿದ್ವು ಎಲ್ಲಾ ಅಲ್ಲೇ ಬರೀರಿ.

ಸತ್ತ ಹಕ್ಕಿ ಕಂಡ್ರ ಮುಟ್ಟಬ್ಯಾಡ್ರಿ, ಪಶು ಆಸ್ಪತ್ರಿಗೆ ತಿಳಸ್ರಿ, ಕೊನೀಗೆ ಖಾತ್ರಿ ಮಾಡೋದು ಭೋಪಾಲಿನ ರಾಷ್ಟ್ರೀಯ ಪ್ರಾಣಿ ರೋಗ ಲ್ಯಾಬು.

ಇನ್ನ ಐಸು. ನಾವು ಒಂದ್ ಸಲ ಥರ್ಮಾಕೋಲ್ ಡಬ್ಬಿನ ಬಿಸಲಾಗ ನಿಂತ ಗಾಡ್ಯಾಗ ಬಿಟ್ವಿ, ಲ್ಯಾಬಿಗೆ ಮುಟ್ಟೋದ್ರಾಗ ಐಸ್ ಕರಗಿ ಇಡೀ ದಿನದ ಸ್ಯಾಂಪಲ್ ಹಾಳಾದ್ವು, ಇವತ್ತಿಗೂ ಬ್ಯಾಸರ ಐತಿ. ಈ ವೈರಸ್ಸಿನ ಜೀನ್ ಇರೋದು ಆರ್‌ಎನ್‌ಎ ಅನ್ನೋ ಎಳಿಯೊಳಗ, ಅದು ಕಾವಿಗೆ ಲಗೂನ ಮುರೀತೈತಿ. 4 ಡಿಗ್ರಿ ಆಸುಪಾಸು ಇಟ್ಟು 48 ತಾಸಿನೊಳಗ ಮುಟ್ಟಸ್ರಿ, ಆಗ್ಲಿಲ್ಲಂದ್ರ ಮೈನಸ್ 80ರಾಗ ಇಡ್ರಿ.

ಲ್ಯಾಬಿನ್ಯಾಗ ಮೊದ್ಲು ಎಂ ಜೀನ್ ಪಿಸಿಆರ್ ಮಾಡ್ತಾರ, ಆ ಜೀನು ಎಲ್ಲಾ ಇನ್‌ಫ್ಲುಯೆಂಜಾ ಎ ವೈರಸ್‌ನಾಗೂ (ಹಕ್ಕಿಜ್ವರದ್ದೂ ಇದ ಗುಂಪು) ಹೆಚ್ಚುಕಮ್ಮಿ ಒಂದ ಥರ ಇರ್ತೈತಿ. ಪಾಸಿಟಿವ್ ಬಂದ್ರ ಎಚ್5, ಎಚ್7 ಅನ್ನೋ ಅಪಾಯದ ಬಗಿ ಹೌದೇನು ನೋಡಿ ಆಮ್ಯಾಲೆ ಎಚ್‌ಎ ಜೀನ್ (ವೈರಸ್ಸಿನ ಹೊರಮೈ ಪ್ರೋಟೀನು ಮಾಡೋ ಜೀನ್) ಸೀಕ್ವೆನ್ಸ್, ಅಂದ್ರ ಅದರ ಅಕ್ಷರದ ಸಾಲು ಓದೋದು. ಆ ಪ್ರೋಟೀನು ತುಂಡಾಗೋ ಜಾಗದಾಗ ಆರ್ಜಿನಿನ್, ಲೈಸಿನ್ ಅನ್ನೋ ಅಮೈನೋ ಆಮ್ಲ ಸಾಲಾಗಿ ಕುಂತಿದ್ರ ಕೋಳಿ ಕೊಲ್ಲೋ ತಳಿ ಅಂತ ತಿಳೀರಿ, ಯಾಕಂದ್ರ ಆಗ ಮೈಯಾಗಿನ ಎಲ್ಲಾ ಅಂಗದ ಎಂಜೈಮೂ ಅದನ್ನ ಕತ್ತರಸ್ತಾವ, ವೈರಸ್ ಎಲ್ಲಾ ಕಡೆ ಹಬ್ಬತೈತಿ.

ನೆಗೆಟಿವ್ ಬಂತು ಅಂತ ಫೈಲ್ ಮುಚ್ಚಬ್ಯಾಡ್ರಿ, ಹಿಕ್ಕಿಯೊಳಗಿನ ಯೂರಿಕ್ ಆಸಿಡ್ ಪಿಸಿಆರ್‌ಗೆ ಅಡ್ಡ ಬರ್ತೈತಿ. ಟೆಸ್ಟ್ ಸರಿ ನಡೀತೋ ಇಲ್ಲೋ ಅಂತ ತೋರ್ಸಾಕ ಜೋಡಿ ಹಾಕಿದ ಕಂಟ್ರೋಲ್ ಬಂದೈತೇನು ನೋಡ್ರಿ, ಅದೂ ಬರ್ಲಿಲ್ಲಂದ್ರ ಆರ್‌ಎನ್‌ಎನ ಹತ್ತು ಪಟ್ಟು ತೆಳು ಮಾಡಿ ಮತ್ತ ಹಚ್ರಿ.