ಗುಳ್ಳೆಯಲ್ಲಿ ಹಿಡಿಸದ ಮಾತು

ಅಜ್ಜಿಯ ಕಥೆಯನ್ನು ಮೊದಲು ಗದ್ಯದಲ್ಲೇ ಬರೆದಿದ್ದೆ. ಹದಿನಾಲ್ಕು ಪುಟ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು; ಅದಕ್ಕೂ ಮೊದಲೇ, ಹಿನ್ನೀರಿನಲ್ಲಿ ಮುಳುಗಲಿದ್ದ ಶರಾವತಿ ದಂಡೆಯ ಮನೆ ಬಿಟ್ಟು, ಮುಂಬಾಗಿಲನ್ನು ಕೀಲುಸಮೇತ ಕಿತ್ತು ಗಾಡಿಗೆ ಹೇರಿಕೊಂಡು ಆನಂದಪುರದ ಕಡೆಗೆ ಬಂದವಳು ಅವಳು. ಓದಿದ ಸ್ನೇಹಿತರು ಚೆನ್ನಾಗಿದೆ ಎಂದರು. ಎರಡನೆಯ ಸಲ ಯಾರೂ ಓದಲಿಲ್ಲ. ಕಾರಣ ನನಗೂ ಗೊತ್ತಿತ್ತು: ಆ ಹದಿನಾಲ್ಕು ಪುಟಗಳ ಉದ್ದಕ್ಕೂ ನಾನು ಅಳುತ್ತಿದ್ದೆ, ಅಜ್ಜಿ ಒಂದು ಸಲವೂ ಅತ್ತವಳಲ್ಲ.

ನಾನು ಸಾಗರದಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವವನು. ಇದನ್ನು ಗ್ರಾಫಿಕ್ ಕಾದಂಬರಿ, ಅಂದರೆ ಚೌಕ ಚೌಕದ ಚಿತ್ರಗಳಲ್ಲಿ ಹೇಳುವ ಕಾದಂಬರಿ, ಮಾಡುತ್ತೇನೆ ಎಂದಾಗ ಒಬ್ಬರು ‘ಮಕ್ಕಳಿಗಾಗಿಯೇ?’ ಎಂದು ಕೇಳಿದರು. ಚಿತ್ರಕಥೆ ಎಂದು ಹೇಳಿ ನೋಡಿದೆ. ಸಿನಿಮಾ ಯಾವಾಗ ಎಂದರು. ಆರ್ಟ್ ಸ್ಪೀಗಲ್‌ಮನ್ ತಮ್ಮ ಅಪ್ಪನ ಕಥೆ ಹೇಳಿದ ಗ್ರಾಫಿಕ್ ಕಾದಂಬರಿ ‘ಮೌಸ್’ಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದದ್ದನ್ನು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ನನ್ನನ್ನು ಹಿಡಿದದ್ದು ಆ ಪ್ರಶಸ್ತಿಯಲ್ಲ. ನಾಜಿಗಳ ಶಿಬಿರದಿಂದ ಬದುಕಿ ಬಂದ ಅಪ್ಪನನ್ನು ಮಗ ಅಲ್ಲಿ ಸಂತನನ್ನಾಗಿ ಮಾಡಿಲ್ಲ. ಮುದುಕ ಜಿಪುಣ, ಕಿರಿಕಿರಿಯವನು. ಅದನ್ನು ಓದಿದ ಮೇಲೆಯೇ ನನ್ನ ಅಜ್ಜಿ ಸೊಸೆಯಂದಿರನ್ನು ಗೋಳು ಹೊಯ್ದುಕೊಂಡದ್ದನ್ನೂ ಬರೆಯುವ ಧೈರ್ಯ ಬಂದದ್ದು.

ಮೊದಲ ಏಟು ಬಿದ್ದದ್ದು ಕನ್ನಡದಿಂದಲೇ. ಇಂಗ್ಲಿಷ್ ಪುಸ್ತಕಗಳಲ್ಲಿ ನೋಡಿಕೊಂಡು ಮೊದಲು ಪಾತ್ರದ ಮಾತು ಕೂರುವ ಗುಳ್ಳೆ ಬರೆದು, ಆಮೇಲೆ ಅದರೊಳಗೆ ಅಕ್ಷರ ತುಂಬಲು ಹೊರಟೆ. ‘ಹೋಗಬೇಕಾಗಿರಲಿಲ್ಲವಲ್ಲ’ ಎಂಬ ಒಂದೇ ಪದ ಚೌಕದ ಈ ಗೋಡೆಯಿಂದ ಆ ಗೋಡೆಗೆ ಬಂದು ನಿಂತಿತು. ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಎರಡು ಸಾಲು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಕುಕ್ಕುತ್ತದೆ. ಕೊನೆಗೆ ಕ್ರಮವನ್ನೇ ತಿರುಗಿಸಿದೆ. ಮೊದಲು ಅಕ್ಷರ, ಆಮೇಲೆ ಅದರ ಸುತ್ತ ಗುಳ್ಳೆ, ಉಳಿದ ಜಾಗದಲ್ಲಿ ಮನುಷ್ಯರು. ಒಂದು ಗುಳ್ಳೆಗೆ ಆರು ಪದಕ್ಕಿಂತ ಹೆಚ್ಚಿಲ್ಲ ಎಂದು ನಿಯಮ ಹಾಕಿಕೊಂಡೆ. ಬಾಗಿಲು ಕೀಳುವ ಪ್ರಸಂಗ ಗದ್ಯದಲ್ಲಿ ಒಂದೂವರೆ ಪುಟ ಇತ್ತು. ಈಗ ಅಲ್ಲಿ ಅಜ್ಜಿ ಆಡುವುದು ಎರಡೇ ಪದ: ‘ಬಾಗಿಲು ನನ್ನದು.’

ಎರಡನೆಯದು ಅಲಂಕಾರದ ಹುಚ್ಚು. ಅಜ್ಜಿ ಹಸೆ ಚಿತ್ತಾರ ಬರೆಯುತ್ತಿದ್ದಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನಾನು ಪ್ರತಿ ಪುಟದ ಅಂಚಿಗೂ ಚಿತ್ತಾರ ಹಾಕಿದೆ. ಪುಸ್ತಕ ಮದುವೆಯ ಕರೆಯೋಲೆಯಂತೆ ಕಂಡಿತು. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು ಅಂಬೇಡ್ಕರ್ ಬದುಕನ್ನು ಚಿತ್ರಿಸಿದ ‘ಭೀಮಾಯಣ’ (2011) ಆ ಹೊತ್ತಿಗೆ ಕೈಗೆ ಸಿಕ್ಕಿತು. ಅಲ್ಲಿ ಚೌಕಗಳೇ ಇಲ್ಲ. ಮೃದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ಕುಟುಕುವ ಮಾತಿನ ಗುಳ್ಳೆಗೆ ಚೇಳಿನ ಬಾಲ. ಅವರ ಕಲೆ ಪುಟದ ಅಂಚಿನಲ್ಲಿ ಕೂತಿಲ್ಲ, ಕಥೆಯನ್ನೇ ಹೇಳುತ್ತಿದೆ. ಅಂಚುಗಳನ್ನೆಲ್ಲ ಅಳಿಸಿ, ಚೌಕದ ಗೆರೆಗಳನ್ನು ಮಾತ್ರ ನಾರಿನ ಕುಂಚದಿಂದ ಎಳೆದೆ. ಸ್ಕೇಲ್ ಮುಟ್ಟಲಿಲ್ಲ. ಕೈ ನಡುಗಿದ ಕಡೆ ಮನೆಯೂ ನಡುಗಿತು.

ಜುಲೈ ತಿಂಗಳಲ್ಲಿ ಕಾಗದ ತಣ್ಣಗಾಗಿ ಶಾಯಿ ಹರಡುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಮಸಿ. ಎರಡು ಮಳೆಗಾಲ ಹೀಗೇ ಕಳೆಯಿತು. ಒಬ್ಬ ಮುದ್ರಕರು ಮಾದರಿ ಪುಟದಲ್ಲಿ ಮಂಜನ್ನೆಲ್ಲ ಕಪ್ಪು ಮೋಡ ಮಾಡಿಕೊಟ್ಟ ಮೇಲೆ ಬೂದು ಬಣ್ಣವನ್ನೇ ಬಿಟ್ಟು ಬರೀ ಗೆರೆಗೆ ಬಂದೆ.

ಸದ್ದಿನ ಪದಗಳಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ. ಮಳೆಗೇ ಜಿಟಿಜಿಟಿ, ಪಟಪಟ, ಧೋ. ಗಾಡಿಯ ಗಾಲಿಗೆ ಕಿರ್ರೋ. ಪುಟದ ತುಂಬ ಸುರಿದೆ. ಆದರೆ ಹಿನ್ನೀರು ಅಂಗಳಕ್ಕೆ ಬರುವ ಪುಟಕ್ಕೆ ಬಂದಾಗ ಯಾವ ಪದವೂ ಕೂರಲಿಲ್ಲ. ಹೊಳೆಯ ನೆರೆಗೆ ಸದ್ದಿದೆ, ಜಲಾಶಯದ ನೀರಿಗೆ ಇಲ್ಲ. ಮೇ ತಿಂಗಳಲ್ಲಿ ಹಿನ್ನೀರಿನ ದಂಡೆಗೆ ಹೋಗಿ ಕೂತೆ. ನೀರು ತೀರಾ ಇಳಿದ ವರ್ಷಗಳಲ್ಲಿ ಅಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ತಲೆ ಎತ್ತುತ್ತದೆ; ಒಂದು ಅಣೆಕಟ್ಟು ಇನ್ನೊಂದನ್ನು ಮುಳುಗಿಸಿದ ಜಾಗ ಅದು. ಬಿರಿದ ಕೆಸರು, ಕಪ್ಪಾದ ಮರದ ಬುಡಗಳು, ಅವುಗಳ ಮೇಲೆ ನೀರು ನಿಂತ ಮಟ್ಟದ ಗುರುತು. ಮನೆಗೆ ಬಂದು ಆ ಮೂರು ಪುಟಗಳ ಮಾತು, ಸದ್ದು ಎಲ್ಲ ತೆಗೆದೆ. ಮೊದಲ ಪುಟದಲ್ಲಿ ಚೌಕಗಳ ಕೆಳಗಿನ ಗೆರೆ ಇಲ್ಲ. ಎರಡನೆಯದರಲ್ಲಿ ಅರ್ಧ ಚೌಕ ಇಲ್ಲ. ಮೂರನೆಯದರಲ್ಲಿ ಮೇಲೆ ಒಂದು ಬೆರಳಗಲ ಗುಡ್ಡ, ಉಳಿದದ್ದು ಖಾಲಿ ಕಾಗದ.

ಹಸ್ತಪ್ರತಿಯನ್ನು ಮೊದಲು ಅಮ್ಮನಿಗೆ ಕೊಟ್ಟೆ. ಅವಳು ಕಾದಂಬರಿ ಓದುವವಳಲ್ಲ. ಅಕ್ಷರವಿಲ್ಲದ ಪುಟಗಳ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡು ಕೂತಿದ್ದಳು. ಮತ್ತೆ ಹಿಂದಕ್ಕೆ ತಿರುವಿ, ಗಾಡಿಯ ಮೇಲಿನ ಬಾಗಿಲು ತೋರಿಸಿ ಹೇಳಿದಳು, ‘ಚಿಲಕ ಈ ಕಡೆ ಅಲ್ಲ.’

ಆ ಬಾಗಿಲು ಈಗ ನಮ್ಮ ಕೊಟ್ಟಿಗೆಗೆ ಇದೆ. ಹೋಗಿ ನೋಡಿದೆ. ಚಿಲಕ ಬಲಕ್ಕೇ ಇತ್ತು. ಹನ್ನೊಂದು ಪುಟ ತಿದ್ದಬೇಕು.