ಮೊದಲ ಹಿಮದ ಇಳಿಜಾರಿಗೆ ಕಾಲಿಡುವ ಮುನ್ನ

ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಜರಿಯುವುದನ್ನು ಕಂಡು ಬೆಳೆದ ಕಾಸರಗೋಡಿನವರಿಗೆ ಒಂದು ಲೆಕ್ಕ ರೂಢಿಯಾಗಿದೆ: ಮಳೆ ಹಿಡಿದಷ್ಟೂ ಅಪಾಯ ಹೆಚ್ಚು, ಮೊದಲ ಮಳೆಗೆ ಗುಡ್ಡ ಅಲುಗದು. ಸ್ಕೀಯಿಂಗ್‌ಗೆಂದು ಗುಲ್ಮಾರ್ಗಿಗೋ, ಹೆಪ್ಪುಗಟ್ಟಿದ ಜಲಪಾತ ಏರಲೆಂದು ಹಿಮಾಚಲದ ಸ್ಪಿತಿಗೋ ಹೊರಡುವವರು ಈ ಲೆಕ್ಕವನ್ನು ಊರಿನಲ್ಲೇ ಬಿಟ್ಟು ಹೋಗಬೇಕು. (ಪತ್ರಿಕೆಗಳು ಹಿಮ ಸುರಿಯುವುದನ್ನೂ ಜರಿಯುವುದನ್ನೂ ಹಿಮಪಾತವೆಂದೇ ಬರೆಯುತ್ತವೆ; ಇಲ್ಲಿ ಜರಿಯುವುದನ್ನು ಹಿಮಕುಸಿತ ಎಂದಿದ್ದೇನೆ.) 2022ರ ಅಕ್ಟೋಬರ್ 4ರಂದು, ಚಳಿಗಾಲ ಇನ್ನೂ ಕಾಲಿಡುವ ಮೊದಲೇ, ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ ಪರ್ವತಾರೋಹಣ ಶಿಬಿರದ ತಂಡದಲ್ಲಿ 27 ಮಂದಿಯ ಶವಗಳು ದೊರೆತವು.

ಋತುವಿನ ಆರಂಭದಲ್ಲಿ ಹಿಮ ತೆಳುವಾಗಿರುವುದೇ ತೊಡಕು. ನೆಲದ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವಾಗ ಮೇಲಿನ ಗಾಳಿ ಅದಕ್ಕಿಂತ ಬಹಳ ತಣ್ಣಗಿದ್ದರೆ, ತೆಳು ಪದರದೊಳಗೆ ಆವಿ ಮೇಲಕ್ಕೆ ಸರಿಯುತ್ತಾ ತಳದ ಹಿಮವನ್ನು ಒಂದಕ್ಕೊಂದು ಅಂಟದ, ಸಕ್ಕರೆಯಂಥ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಬಿಸಿಲು ಬೀಳದ ಉತ್ತರದ ಇಳಿಜಾರುಗಳಲ್ಲಿ ಈ ಹರಳು ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ. ಆಮೇಲೆ ಬಿದ್ದ ಹಿಮವನ್ನು ಗಾಳಿ ಒತ್ತಿ ಗಟ್ಟಿ ಹಲಗೆಯಾಗಿಸಿದರೆ, ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಹಲಗೆಯಿಟ್ಟು ಹತ್ತಿ ನಿಂತಂತಾಗುತ್ತದೆ.

ಆದುದರಿಂದ ಸ್ಕೀ ಕೋಲನ್ನು ತಿರುಗಿಸಿ ಹಿಡಿಯನ್ನು ನಿಧಾನವಾಗಿ ಹಿಮದೊಳಗೆ ಒತ್ತಿ ನೋಡಿರಿ. ಮೇಲೆ ಬಿಗಿಯಾಗಿದ್ದು ಕೆಳಗೆ ದಿಢೀರನೆ ಸಡಿಲವಾದರೆ ಗುಂಡಿ ತೋಡಿ ತಳದ ಹರಳನ್ನು ಕೈಗೆತ್ತಿಕೊಳ್ಳಿರಿ; ಬೆರಳ ಸಂದಿನಿಂದ ಅದು ಸಕ್ಕರೆಯಂತೆ ಸುರಿದರೆ ಆ ಇಳಿಜಾರನ್ನು ಬಿಟ್ಟುಬಿಡಿರಿ. ಕಾಲ ಕೆಳಗೆ 'ಧುಮ್' ಎಂದು ಹಿಮ ಕುಸಿದ ಸದ್ದು ಕೇಳಿದರಂತೂ ಪರೀಕ್ಷೆಯೇ ಬೇಡ, ಹಿಂದಿರುಗಬೇಕು. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಆಗುತ್ತವೆ. ಇಳಿಜಾರನ್ನು ಕಣ್ಣಂದಾಜಿಗೆ ಬಿಡದೆ ಅಳೆಯಿರಿ. ಋತುವಿನ ಆರಂಭದಲ್ಲಿ ಬಂಡೆಗಳು ಪೂರ್ತಿ ಮುಚ್ಚಿರುವುದಿಲ್ಲವಾದ್ದರಿಂದ, ಚಿಕ್ಕ ಕುಸಿತವೂ ಮನುಷ್ಯನನ್ನು ಕಲ್ಲಿನಿಂದ ಕಲ್ಲಿಗೆ ಅಪ್ಪಳಿಸುತ್ತದೆ.

ಹಿಮಜಲಪಾತ ಏರುವವರು ಇದನ್ನು ಸ್ಕೀಯರ್‌ಗಳ ತಲೆನೋವೆಂದು ತಿಳಿಯುವುದುಂಟು. ಆದರೆ ನೀರು ಹರಿದುಬರುವ ಕೊರಕಲಿನಲ್ಲೇ ಮೇಲಿನ ಹಿಮವೂ ಜಾರಿಬರುತ್ತದೆ, ಮತ್ತು ಆ ಹಿಮ ತುಂಬಿ ನಿಲ್ಲುವ ಮೇಲಿನ ಬೋಗುಣಿಯಂಥ ತಗ್ಗು ಬುಡದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಬೆಳಗಿನ ಬಿಸಿಲು ಮೇಲಿನ ಬೋಗುಣಿಗೆ ತಾಗುವ ಮೊದಲೇ ಏರಿ ಇಳಿದುಬಿಡಿರಿ. ಹಗ್ಗ ಹಿಡಿದವರು ಕೊರಕಲಿನ ನೇರಕ್ಕೆ ನಿಲ್ಲದೆ ಬದಿಯ ಬಂಡೆಯ ಮರೆಯಲ್ಲಿ ನಿಲ್ಲಲಿ.

ಹಿಮಕುಸಿತದಲ್ಲಿ ಹೂತುಹೋಗಿ ಹತ್ತು ನಿಮಿಷದೊಳಗೆ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರು ಬಹಳ ಕಡಿಮೆ. ಹೊರಗಿನ ನೆರವು ಅಷ್ಟರೊಳಗೆ ತಲುಪದು. ಹಾಗಾಗಿ ಪ್ರತಿಯೊಬ್ಬರಲ್ಲೂ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹೂತವರನ್ನು ರೇಡಿಯೋ ಸಂಕೇತದಿಂದ ಪತ್ತೆಹಚ್ಚುವ ಸಾಧನ), ಹಿಮದೊಳಗೆ ಚುಚ್ಚಿ ನೋಡುವ ಶೋಧನಾ ಕೋಲು, ಸಲಿಕೆ ಇರಲೇಬೇಕು. ಮೊಬೈಲನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಿರಿ.